ವಿಳಾಸ: ಸಿಲ್ವಾ, ಕೊಲಂಬೊ

ಸಣ್ಣ ವಿಷಯಕ್ಕೆ ನೂರು ಸಲ ಯೋಚಿಸಿ, ದೊಡ್ಡ ವಿಷಯಕ್ಕೆ ಒಂದು ಸಲವೂ ಯೋಚಿಸದ ಗಂಡಸರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲೊಬ್ಬರು ನನ್ನ ಪಾಲಿಗೆ ಬಂದರು. ಒಂದು ಜೊತೆ ಚಪ್ಪಲಿ ಕೊಳ್ಳಬೇಕೆಂದು ನಮ್ಮ ಯಜಮಾನರು ಪಕ್ಕದ ವಿಜಯಪುರದ ಸಂತೆಗೆ ವಾರವಾರವೂ ಹೋಗುತ್ತಿದ್ದರು. ಚಪ್ಪಲಿಯನ್ನು ತಿರುಗಿಸಿ ನೋಡಿ, ಬಗ್ಗಿಸಿ ನೋಡಿ, ಯಾರೂ ನೋಡದಾಗ ಮೂಸಿಯೂ ನೋಡಿ, ‘ಇನ್ನೊಂದು ವಾರ ಹೋಗ್ಲಿ’ ಎಂದು ಬರಿಗಾಲಲ್ಲಿ ದೇವನಹಳ್ಳಿಗೆ ಹಿಂತಿರುಗುತ್ತಿದ್ದರು. ಚಪ್ಪಲಿಯವನಿಗೂ ಅವರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತ್ತು. ಕೊಳ್ಳದಿದ್ದರೂ ಕೂತು ಹೋಗಿ ಎನ್ನುತ್ತಿದ್ದ. ಇಂಥ ಮನುಷ್ಯ, ಸಮುದ್ರ ದಾಟಿ ಸಿಲೋನಿಗೆ ಹೋಗಿ ನೆಲೆಸುವ ತೀರ್ಮಾನವನ್ನು ಮಾತ್ರ ಹಿತಕಿದ ಅವರೆಕಾಳಿನ ಸಾರಿನಲ್ಲಿ ಮುದ್ದೆ ಮುರಿಯುತ್ತ, ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಮಾಡಿ ಮುಗಿಸಿದರು.

ಹಾಗಂತ ಅವರಿಗೆ ಕಾರಣವೇ ಇರಲಿಲ್ಲವೆಂದಲ್ಲ. ಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ಒಂದು ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಬಂದ ಪೆಟ್ಟಿಗೆ ಎಷ್ಟು, ಹೋದ ಪೆಟ್ಟಿಗೆ ಎಷ್ಟು ಎಂದು ಬರೆದಿಡುವುದು ಕೆಲಸ. ಪೆಟ್ಟಿಗೆಯೊಳಗೆ ಬಿಸ್ಕತ್ತಿತ್ತೋ ಬಾಂಬಿತ್ತೋ ಅವರಿಗೂ ಗೊತ್ತಿರಲಿಲ್ಲ. ಯುದ್ಧ ಮುಗಿಯಿತು, ಪೆಟ್ಟಿಗೆಗಳೂ ಮುಗಿದವು, ಇವರು ಊರಿಗೆ ಬಂದರು. ಊರಿನಲ್ಲಿ ಮನೆಯವರ ಚಕ್ಕೋತದ ತೋಟವಿತ್ತು; ಅದನ್ನು ನೋಡಿಕೊಳ್ಳಲು ಇಬ್ಬರು ಅಣ್ಣಂದಿರಿದ್ದರು. ಮೂರನೆಯವರಾದ ಇವರು ಒಂದು ಗಿಡಕ್ಕೆ ನೀರು ಹಾಕಿ ಬಂದರೆ, ದೊಡ್ಡಣ್ಣ ಹಿಂದೆಯೇ ಹೋಗಿ ಅದೇ ಗಿಡಕ್ಕೆ ಮತ್ತೆ ನೀರು ಹಾಕಿ ಬರುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇವರು ಜಗಲಿಯ ಮೇಲೆ ಕೂತು, ಬಂದು ಹೋಗುವವರಿಗೆಲ್ಲ ಯುದ್ಧದ ಕಥೆ ಹೇಳತೊಡಗಿದರು. ಮೊದಮೊದಲು ಜನ ನಿಂತು ಕೇಳಿದರು. ಆಮೇಲೆ ನಮ್ಮ ಬೀದಿಯನ್ನೇ ಬಿಟ್ಟು ಹಿಂದಿನ ಬೀದಿಯಲ್ಲಿ ಓಡಾಡತೊಡಗಿದರು.

ಆ ಉಗ್ರಾಣದಲ್ಲಿ ಇವರಿಗೆ ಸಿಲೋನಿನ ಒಬ್ಬ ಅಡುಗೆಯವನ ಸ್ನೇಹವಾಗಿತ್ತು. ಹೆಸರು ಸಿಲ್ವಾ. ಹೊರಡುವ ದಿನ ಅವನು ಇವರ ಕೈ ಕುಲುಕಿ, ‘ಯಾವಾಗ ಬೇಕಾದರೂ ಕೊಲಂಬೊಗೆ ಬಾ. ಇಳಿದು ಸಿಲ್ವಾ ಅಂತ ಕೇಳು, ಸಾಕು’ ಎಂದು ಹೇಳಿ ಹೋಗಿದ್ದನಂತೆ. ನಾವು ನಮ್ಮ ಕಡೆ ಯಾರನ್ನಾದರೂ ಕಳಿಸುವಾಗ ‘ಮತ್ತೆ ಬನ್ನಿ’ ಅನ್ನುತ್ತೇವಲ್ಲ, ಆ ಜಾತಿಯ ಮಾತು ಅದು ಎಂದು ನನಗೆ ಈಗ ತೋರುತ್ತದೆ. ಇವರು ಅದನ್ನು ತಾಮ್ರಶಾಸನವೆಂದು ತಿಳಿದರು.

“ನಾವು ಸಿಲೋನಿಗೆ ಹೋಗ್ತೀವಿ ಕಣವ್ವಾ,” ಎಂದರು ಊಟದ ಎಲೆಯ ಮುಂದೆ.

ಬಡಿಸುತ್ತಿದ್ದ ನಮ್ಮತ್ತೆ ಸೌಟನ್ನು ಕೆಳಗಿಟ್ಟರು. “ಏನ್ ಕೆಲ್ಸ ಸಿಕ್ತಪ್ಪಾ?”

“ಹೋದ್ಮೇಲೆ ಸಿಗುತ್ತೆ.”

“ಇರೋಕೆ ಮನೆ?”

“ಅದೂ ಹೋದ್ಮೇಲೇ.”

“ಎಲ್ಲಾ ಅಲ್ಲೇ ಇಟ್ಟಿದ್ರೆ, ಇಲ್ಲಿಂದ ಏನ್ ತಗೊಂಡ್ಹೋಗ್ತೀಯಾ?”

ಇವರು ಅಡುಗೆಮನೆಯ ಬಾಗಿಲ ಕಡೆ ಕೈ ತೋರಿಸಿ, “ಇವಳನ್ನ,” ಎಂದರು.

ನಮ್ಮತ್ತೆಗೆ ಸಿಟ್ಟು ಬಂದರೆ ಕೂಗುವ ಅಭ್ಯಾಸವಿರಲಿಲ್ಲ. ನಿಧಾನವಾಗಿ, ರುಬ್ಬುವ ಹಾಗೆ ಮಾತಾಡುತ್ತಿದ್ದರು. “ಸೀತಮ್ಮನೋರ್ನ ಲಂಕೆಗೆ ರಾವಣ ಎತ್ಕೊಂಡ್ಹೋದ. ಇವಳನ್ನ ಕಟ್ಕೊಂಡ ಗಂಡನೇ ಎತ್ಕೊಂಡ್ಹೋಗ್ತಾನಂತೆ. ಕಾಲ ಎಷ್ಟು ಸುಧಾರಿಸ್ತು ನೋಡು,” ಎಂದು ನನ್ನ ಕಡೆ ತಿರುಗಿ, “ಏನಮ್ಮಾ, ನೀನೇನಂತೀಯಾ?” ಎಂದರು.

ಬೇರೆ ಹೆಂಗಸಾಗಿದ್ದರೆ ಅಳುತ್ತಿದ್ದಳು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡುತ್ತ ನಿಂತೆ. ಅಳು ಬರಲೆಂದು ಕಾದೆ, ಬರಲಿಲ್ಲ. ತುಂಬಿದ ಮನೆಯ ಮೂರನೆಯ ಸೊಸೆ ನಾನು. ಮೂರನೆಯ ಸೊಸೆ ಎಂದರೆ ತರಕಾರಿ ಹೆಚ್ಚುವವಳು, ಮುಸುರೆ ತಿಕ್ಕುವವಳು, ಮುದ್ದೆ ತಿರುವುವವಳು. ಆದರೆ ಸಾರಿಗೆ ಉಪ್ಪು ಹಾಕುವ ಅಧಿಕಾರ ಅವಳದಲ್ಲ. ಆ ಅಧಿಕಾರ ಅತ್ತೆಯಿಂದ ಹಿರಿಯ ಓರಗಿತ್ತಿಗೆ ಹೋಗಿ, ಅವಳಿಂದ ಎರಡನೆಯವಳಿಗೆ ಇಳಿದು, ನನ್ನ ಹತ್ತಿರ ಬರುವ ಹೊತ್ತಿಗೆ ನನ್ನ ಬಾಯಲ್ಲಿ ಹಲ್ಲಿರುತ್ತಿರಲಿಲ್ಲ. ಸಿಲೋನಿನಲ್ಲಿ ಕೆಲಸವಿಲ್ಲದಿರಬಹುದು, ಮನೆಯಿಲ್ಲದಿರಬಹುದು. ಓರಗಿತ್ತಿಯರಂತೂ ಇರುವುದಿಲ್ಲ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕಿತು. “ಅವರು ಹೇಗೆ ಹೇಳಿದ್ರೆ ಹಾಗೆ ಅತ್ತೆ,” ಎಂದೆ. ಪತಿವ್ರತೆ ಎಂದು ಊರೆಲ್ಲ ಹೆಸರಾಯಿತು.

ನಾವು ಹೊರಟ ಸುದ್ದಿ ಕೋಟೆಯ ಒಳಗೂ ಹೊರಗೂ ಹರಡಿತು. ಅಲ್ಲಿ ಮನೆಯ ಹೆಂಚೂ ಚಿನ್ನದ್ದೇ, ಎರಡು ಹೆಂಚು ಕಳಿಸು ಎಂದರು ಒಬ್ಬರು. ಅಶೋಕವನ ಇನ್ನೂ ಇದೆಯೋ, ತೋಟಗಾರಿಕೆಯವರು ಕಡಿದರೋ ನೋಡಿಕೊಂಡು ಬಾ ಎಂದರು ಇನ್ನೊಬ್ಬರು. ನಮ್ಮತ್ತೆ ಮಾತ್ರ ಏನೂ ಹೇಳದೆ ರಾಗಿಹಿಟ್ಟು ಕಟ್ಟಿಕೊಟ್ಟರು. ಆಗ ಧಾನ್ಯವನ್ನು ಊರಿಂದೂರಿಗೆ ಸಾಗಿಸುವುದಕ್ಕೆ ಕಟ್ಟುಪಾಡಿದ್ದ ಕಾಲ. ಗಂಟನ್ನು ಹಾಸಿಗೆಯ ಸುರುಳಿಯೊಳಗೆ ಅಡಗಿಸಿಟ್ಟರು. ಮದರಾಸು ತಲುಪುವುದರೊಳಗೆ ಆ ಗಂಟು ಬಿಚ್ಚಿಕೊಂಡು, ನಾವಿಬ್ಬರೂ ರೈಲಿನಲ್ಲಿ ಲಟ್ಟಿಸಲು ಸಿದ್ಧವಾದ ರೊಟ್ಟಿಗಳ ಹಾಗೆ ಮೈಯೆಲ್ಲ ಹಿಟ್ಟು ಹಚ್ಚಿಕೊಂಡು ಕೂತಿದ್ದೆವು. ಇವರು ಸಿಲ್ವಾನಿಗೆಂದು ಒಂದು ಕುಕ್ಕೆ ಚಕ್ಕೋತವನ್ನೂ ಹೊತ್ತಿದ್ದರು. “ಪಾಪ, ಅವರ ಕಡೆ ಇಂಥದ್ದೆಲ್ಲಿ ಸಿಗಬೇಕು,” ಎಂದು ದಾರಿಯುದ್ದಕ್ಕೂ ಹಣ್ಣುಗಳನ್ನು ಮಕ್ಕಳ ಹಾಗೆ ತಟ್ಟಿ ಮಲಗಿಸುತ್ತಿದ್ದರು.

ಹಡಗು ಹತ್ತುವ ಮೊದಲು ಒಂದು ತಗಡಿನ ಶೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು, ನಡುವೆ ಹಗ್ಗ. ಹೆಂಗಸರನ್ನು ಮರುಳು ಮಾಡಿ ದ್ವೀಪಕ್ಕೆ ಸಾಗಿಸುವ ದಲ್ಲಾಳಿಗಳಿದ್ದರಂತೆ. ಅದಕ್ಕೇ ಹೆಂಗಸರನ್ನು ಬೇರೆಯಾಗಿ ಕೇಳುತ್ತಿದ್ದರು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ತಮಿಳಿನವನು. ನನಗೂ ತಮಿಳು ಬರುತ್ತಿತ್ತು. ನನ್ನ ತವರು ಹೊಸಕೋಟೆಯ ಹತ್ತಿರ, ಅಲ್ಲಿ ತಿಗಳರ ತೋಟಗಳಲ್ಲಿ ಆಡಿ ಬೆಳೆದವಳು ನಾನು. ಆದರೆ ನನ್ನದು ತರಕಾರಿ ತಮಿಳು. ಬದನೆಕಾಯಿ ಎಳೆಯದೋ ಬಲಿತದ್ದೋ, ಕೊತ್ತಂಬರಿ ಕಟ್ಟು ಯಾಕೆ ಸಣ್ಣದಾಯಿತು, ಹುಳ ಬಿದ್ದಿದೆ ಬೇಡ, ಇಷ್ಟರೊಳಗೆ ನನ್ನ ಪಾಂಡಿತ್ಯ ಮುಗಿಯುತ್ತಿತ್ತು.

“ನಿನ್ನ ಗಂಡನ ಹೆಸರೇನಮ್ಮ?” ಎಂದು ಕೇಳಿದ ಅವನು.

ಗಂಡನ ಹೆಸರು! ಮದುವೆಯ ದಿನ ಹೊಸಿಲಲ್ಲಿ ಅಡ್ಡಗಟ್ಟಿ ಹೇಳಿಸಿದಾಗಲೂ ಒಗಟು ಕಟ್ಟಿ ಹೇಳಿದವಳು ನಾನು. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ನಮ್ಮಜ್ಜಿ ಹೇಳಿದ್ದಳು. ತಲೆ ತಗ್ಗಿಸಿ, ಅದೇ ಒಗಟನ್ನು ತಮಿಳಿಗೆ ತಿರುಗಿಸಿ, “ಏಳು ಮಲೆಯ ಮೇಲೆ ನಿಂತಿರೋರು,” ಎಂದೆ.

ಅವನಿಗೆ ಮೊದಲ ಎರಡು ಮಾತೇ ಸಾಕಾಯಿತು. ‘ಏಳುಮಲೈ’ ಎಂದು ಬರೆದುಕೊಂಡ. ತಮಿಳರಲ್ಲಿ ಅದು ಗಂಡಸರಿಗೆ ಇಡುವ ಹೆಸರೇ ಎಂದು ನನಗೇನು ಗೊತ್ತು? ಹಗ್ಗದ ಆಚೆ ಇವರು ಎದೆಯುಬ್ಬಿಸಿ ತಮ್ಮ ಹೆಸರು ಬರೆಸಿ ಬಂದು, “ಅವಳು ನನ್ನ ಹೆಂಡತಿ,” ಎಂದರು. ಗುಮಾಸ್ತ ಆ ಕಾಗದ ನೋಡಿದ, ಈ ಕಾಗದ ನೋಡಿದ, ಕನ್ನಡಕ ತೆಗೆದು ಇವರನ್ನು ನೋಡಿದ. “ಈಯಮ್ಮನ ಗಂಡ ಏಳುಮಲೈ. ನೀನು ಯಾರು?”

ಪೊಲೀಸಿನವನೊಬ್ಬ ಬಂದು ಇವರ ರಟ್ಟೆ ಹಿಡಿದುಕೊಂಡ. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನನ್ನು ಸುತ್ತುವರಿದು, ಹೆದರಬೇಡ ತಾಯಿ, ನಿಜ ಹೇಳು ಎಂದು ತಲೆ ಸವರತೊಡಗಿದರು. ಹೊರಗೆ ಹಡಗು ಒಂದು ಸಲ ಕೂಗಿತು.

“ಹೇಳೇ, ಹೆಸರು ಹೇಳೇ!” ಇವರು ಹಗ್ಗದಾಚೆಯಿಂದ ಅರಚಿದರು.

“ನಾನು ಹೇಗ್ರೀ ಹೇಳ್ಲಿ!”

“ಬಾಯಿಂದ ಹೇಳೇ ಮಾರಾಯ್ತಿ! ಕೋಳ ಹಾಕ್ಬಿಡ್ತಾರೆ ಕಣೇ!”

ಹಡಗು ಇನ್ನೊಂದು ಸಲ ಕೂಗಿತು. ನಾನು ಕಣ್ಣು ಮುಚ್ಚಿಕೊಂಡು, ಮನೆದೇವರನ್ನು ನೆನೆದು, ತಪ್ಪಿಸಿಕೊಂಡ ಹೋರಿಯನ್ನು ಕೆರೆಯ ಈ ದಡದಿಂದ ಆ ದಡಕ್ಕೆ ಕೂಗುವ ಹಾಗೆ, “ತಿಮ್ಮೇಗೌಡಾ!” ಎಂದು ಕೂಗಿದೆ. ಇವರು ಬೆಚ್ಚಿಬಿದ್ದು, ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಹೇಳುವಂತೆ, “ಇದ್ದೀನಿ!” ಎಂದರು. ಗುಮಾಸ್ತನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ದನಿಯಲ್ಲಿ ಕರೆಯುವವಳು ಹೆಂಡತಿಯಲ್ಲದೆ ಇನ್ನಾರು ಎಂದು ನಗುತ್ತ ಇಬ್ಬರನ್ನೂ ಬಿಟ್ಟ.

ಹಡಗು ಹೊರಟು ಸ್ವಲ್ಪ ಹೊತ್ತಿಗೆಲ್ಲ ಇವರ ಮುಖ ಹಸಿರಾಯಿತು. ಕಣ್ಣು ಮೇಲಾಯಿತು. ಕಟಕಟೆಗೆ ಜೋತುಬಿದ್ದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸತೊಡಗಿದರು. ಹಡಗಿನಲ್ಲಿ ಅರ್ಧ ಜನಕ್ಕೆ ಹಾಗೇ ಆಗಿತ್ತು. ಅದೆಲ್ಲ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮಜ್ಜಿಯ ಮಾತು ಇಷ್ಟು ಬೇಗ ಫಲಿಸಿತಲ್ಲಾ ಎಂದು ಎದೆ ಧಸಕ್ಕೆಂದಿತು. ಇವರ ಬೆನ್ನು ನೀವುತ್ತ, “ತಪ್ಪಾಯ್ತು ಸ್ವಾಮಿ, ಇನ್ನೊಂದು ಸಲ ಹೇಳಲ್ಲ,” ಎಂದು ಏಳು ಬೆಟ್ಟದ ಒಡೆಯನಿಗೆ ಕೈಮುಗಿದೆ. ನಾನು ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ ಇವರು, “ಪರವಾಗಿಲ್ಲ ಬಿಡು,” ಎಂದು ನರಳಿದರು.

ಹಡಗು ಇಳಿದು ಮತ್ತೆ ರೈಲು ಹತ್ತಿ, ಕೊಲಂಬೊದ ಸ್ಟೇಷನ್ನಿನಲ್ಲಿ ಇಳಿದ ಮೇಲೆ, ಇವರು ಕೋಟು ಸರಿಮಾಡಿಕೊಂಡು, ಟಿಕೆಟು ಇಸಿದುಕೊಳ್ಳುವವನನ್ನು ಇಂಗ್ಲಿಷಿನಲ್ಲಿ, “ಸಿಲ್ವಾ ಎಲ್ಲಿ?” ಎಂದು ಕೇಳಿದರು.

ಅವನು, “ನಾನೇ ಸಿಲ್ವಾ,” ಎಂದ.

ಇವನು ನಮ್ಮ ಸಿಲ್ವಾ ಅಲ್ಲ ಎಂದಾಗ ಅವನು ತನ್ನ ಮೇಲಿನವನನ್ನು ಕರೆದ. ಅವನೂ ಸಿಲ್ವಾ. ಹೊರಗೆ ಚಹಾ ಮಾರುವವನು ಸಿಲ್ವಾ. ರಿಕ್ಷಾ ಎಳೆಯುವವನು ಸಿಲ್ವಾ ಅಲ್ಲ, ಆದರೆ ಅವನ ಹೆಂಡತಿಯ ತವರಿನವರು ಸಿಲ್ವಾಗಳು. ಬೇಕಾದರೆ ಕರೆದುಕೊಂಡು ಹೋಗುತ್ತೇನೆಂದ. ಬೇಸರಪಟ್ಟುಕೊಳ್ಳದೆ, ನಗದೆ, ಒಬ್ಬ ಸಿಲ್ವಾ ಇನ್ನೊಬ್ಬ ಸಿಲ್ವಾನ ಹತ್ತಿರ ನಮ್ಮನ್ನು ಕಳಿಸಿಕೊಟ್ಟ. ಸಿಲೋನಿನವನೊಬ್ಬ ದೇವನಹಳ್ಳಿಯಲ್ಲಿ ಇಳಿದು, ‘ಇಲ್ಲಿ ಗೌಡರು ಅಂತ ಇದ್ದಾರಲ್ಲ, ಅವರ ಮನೆ ಎಲ್ಲಿ?’ ಎಂದು ಕೇಳಿದರೆ ಹೇಗಿರುತ್ತದೋ ಹಾಗಾಯಿತು. ಸಂಜೆಯ ಹೊತ್ತಿಗೆ ಇವರು ಚಕ್ಕೋತದ ಕುಕ್ಕೆಯ ಮೇಲೆ ಕೂತುಬಿಟ್ಟರು. “ಊರಲ್ಲಿ ಇಷ್ಟೊಂದು ಜನ ಸಿಲ್ವಾಗಳಿದ್ದಾರೆ ಅಂತ ಅವನಾದ್ರೂ ಹೇಳ್ಬಾರ್ದಾಗಿತ್ತಾ?” ಎಂದರು. ಅವನೂ ಪಾಪ, ತಾನೊಬ್ಬನೇ ಸಿಲ್ವಾ ಎಂದುಕೊಂಡಿದ್ದನೇನೋ.

ತಮಿಳರ ಒಂದು ದೇವಸ್ಥಾನದ ಹಿಂದೆ ಛತ್ರವಿತ್ತು. ಅಲ್ಲಿ ಒಂದು ಕಂಬದ ಬುಡ ನಮ್ಮದಾಯಿತು. ಛತ್ರದ ಪಾರುಪತ್ತೆಗಾರರು, ಯಾತ್ರಿಕರಿಗೆ ಮಾತ್ರ ಜಾಗ, ಕೆಲವು ದಿನ ಇದ್ದು ಹೊರಡಬೇಕು ಎಂದು ಮೊದಲೇ ಹೇಳಿದರು. ಇವರು ದಿನವೂ ಬೆಳಿಗ್ಗೆ ಕೋಟು ತೊಟ್ಟು ಕೆಲಸ ಹುಡುಕಲು ಹೋಗುವುದು, ಸಂಜೆ ಕೋಟು ಕೈಮೇಲೆ ಹಾಕಿಕೊಂಡು ಬರುವುದು. ಕೆಲಸ ಕೇಳಿದ ಕಡೆಯಲ್ಲೆಲ್ಲ, ‘ನಿಮ್ಮ ಮನೆ ಎಲ್ಲಿ? ವಿಳಾಸವಿಲ್ಲದವರನ್ನು ಹೇಗೆ ಇಟ್ಟುಕೊಳ್ಳೋದು?’ ಎನ್ನುತ್ತಿದ್ದರು. ಮನೆ ಕೇಳಿದ ಕಡೆಯಲ್ಲೆಲ್ಲ, ‘ಎಲ್ಲಿ ಕೆಲಸ? ಕೆಲಸವಿಲ್ಲದವರಿಗೆ ಹೇಗೆ ಕೊಡೋದು?’ ಎನ್ನುತ್ತಿದ್ದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ಆಡುತ್ತ ಬಂದಿದ್ದೆ. ಅದನ್ನು ಕಟ್ಟಿದವನು ಯಾವುದೋ ಕಾಲದಲ್ಲಿ ಕೊಲಂಬೊಗೆ ಬಂದು ಹೋಗಿರಬೇಕು ಎಂದು ಆಗ ತಿಳಿಯಿತು.

ಒಂದು ಸಂಜೆ ಇವರು ಬಂದು ಕಂಬಕ್ಕೆ ಒರಗಿ ಕೂತವರು ಮಾತೇ ಆಡಲಿಲ್ಲ. ಮಾತಾಡದ ಇವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೋಟನ್ನು ಮಡಿಚಿ, ಮತ್ತೆ ಬಿಚ್ಚಿ, ಮತ್ತೆ ಮಡಿಚಿದರು. ಆಮೇಲೆ, “ನಡಿಯೇ, ಊರಿಗೆ ಹೋಗ್ಬಿಡೋಣ. ನನ್ ಕೈಲಿ ಆಗಲ್ಲ,” ಎಂದರು. ಛತ್ರಕ್ಕೆ ಬಂದ ದಿನದಿಂದ ಅದೇ ಮಾತಿಗಾಗಿ ಕಾಯುತ್ತಿದ್ದೇನೆಂದು ನಾನು ತಿಳಿದಿದ್ದೆ. ಆದರೆ ಅದು ಕಿವಿಗೆ ಬಿದ್ದಾಗ ದೊಡ್ಡ ಭಾವ ತೋಟದಲ್ಲಿ ಒಂದು ಮಾತೂ ಆಡದೆ, ಇವರು ನೀರು ಹಾಕಿದ ಗಿಡಕ್ಕೆ ಮತ್ತೆ ನೀರು ಹಾಕುವುದು ಕಣ್ಣಿಗೆ ಕಟ್ಟಿತು. ಇವರು ಜಗಲಿಯ ಮೇಲೆ ಕೂತು, ಕೇಳುವವರಿಲ್ಲದೆ ಬೀದಿ ನೋಡುವುದು ಕಂಡಿತು. ನನಗೇ ಆಶ್ಚರ್ಯವಾಗುವಂತೆ, “ನಾಳೆ ಒಂದಿನ ನೋಡಿ,” ಎಂದೆ. ‘ನಾಳೆ ಹಿತ್ತಾಳೆ ಪಾತ್ರೆ ಅಂಗಡಿ ಪಿಳ್ಳೆಯವರನ್ನ ಕೇಳಿ ನೋಡ್ತೀನಿ, ಅದೇ ಕಡೇದು’ ಎಂದು ಹೇಳಿ ಇವರು ಗೋಡೆ ಕಡೆ ತಿರುಗಿ ಮಲಗಿದರು.

ಮಾರನೆಯ ದಿನ ಇವರು ಅಂಗಡಿಗೆ ಹೋದ ಮೇಲೆ, ನಾನು ಸೊಪ್ಪು ತರೋಣವೆಂದು ಹೊರಟೆ. ಒಂದು ಓಣಿಯಲ್ಲಿ ಹೋಗುತ್ತಿದ್ದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಕಾಲು ನಿಂತುಹೋಯಿತು. ತೆಂಗಿನೆಣ್ಣೆ, ಒಣಮೀನು, ಸಮುದ್ರ ಇವುಗಳ ವಾಸನೆಯಲ್ಲೇ ಅಷ್ಟು ದಿನ ಮುಳುಗಿದ್ದವಳಿಗೆ, ಕುದಿಯುವ ನೀರಿಗೆ ರಾಗಿಹಿಟ್ಟು ಬಿದ್ದಾಗ ಬರುವ ವಾಸನೆ! ಭ್ರಮೆಯೆಂದುಕೊಂಡೆ. ಮೂಗು ಭ್ರಮೆಯಲ್ಲ ಎಂದಿತು. ಯಾರ ಮನೆ, ಏನು ಎತ್ತ ಎಂದು ನೋಡದೆ, ಬಿಟ್ಟ ದನ ಹೊಲಕ್ಕೆ ನುಗ್ಗುವ ಹಾಗೆ ಆ ಮನೆಯ ಹಿತ್ತಿಲಿಗೆ ನುಗ್ಗಿದೆ.

ಹಿತ್ತಿಲ ಒಲೆಯ ಮುಂದೆ ಬಿಳಿ ರವಿಕೆ ತೊಟ್ಟ ಮುದುಕಿಯೊಬ್ಬಳು ಪಾತ್ರೆಯೊಂದಿಗೆ ಹೋರಾಡುತ್ತಿದ್ದಳು. ಒಂದು ಕೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದಳು. ಆ ಕೈ ನೋಯುತ್ತಿತ್ತು, ಕೋಲು ತಿರುಗುತ್ತಿರಲಿಲ್ಲ. ಹಿಟ್ಟು ಗಂಟುಗಂಟಾಗಿ ತಳ ಹಿಡಿಯಲು ಶುರುವಾಗಿತ್ತು. ಗಂಟು ಕಟ್ಟುವ ಮುದ್ದೆಯನ್ನು ನೋಡಿಕೊಂಡು ಸುಮ್ಮನೆ ನಿಲ್ಲುವ ಶಕ್ತಿ ನಮ್ಮ ಸೀಮೆಯ ಹೆಂಗಸಿಗೆ ದೇವರು ಕೊಟ್ಟಿಲ್ಲ. ಒಂದು ಮಾತೂ ಆಡದೆ ಅವಳ ಕೈಯಿಂದ ಕೋಲು ಕಿತ್ತುಕೊಂಡು, ಪಾತ್ರೆಯನ್ನು ಕೆಳಗಿಳಿಸಿ ಎರಡು ಪಾದಗಳ ನಡುವೆ ಒತ್ತಿ ಹಿಡಿದು, ತಿರುವಿದೆ. ನಾಲ್ಕು ಸುತ್ತಿಗೆ ಗಂಟೆಲ್ಲ ಒಡೆದು ಮುದ್ದೆ ನುಣ್ಣಗಾಯಿತು. ಆಗ ನನಗೆ ಅಳು ಬಂತು. ಊರು ಬಿಡುವಾಗ ಬಾರದ ಅಳು ಅಲ್ಲಿ, ಗೊತ್ತಿಲ್ಲದವರ ಒಲೆಯ ಮುಂದೆ, ಹೊಗೆಯ ನೆಪ ಹೇಳಲೂ ಬಿಡದಂತೆ ಸುರಿಯಿತು.

ಮುದುಕಿ ಕಳ್ಳಿ ಎಂದು ಕೂಗಿಕೊಳ್ಳಬಹುದಿತ್ತು. ಅವಳು ಒಂದು ಮಣೆ ತಳ್ಳಿ ಕೂರಿಸಿ, “ಕುರಕ್ಕನ್?” ಎಂದು ಹಿಟ್ಟನ್ನು ತೋರಿಸಿದಳು. “ರಾಗಿ,” ಎಂದೆ ನಾನು. ಅವರ ಭಾಷೆಯಲ್ಲಿ ರಾಗಿ ಎಂದರೆ ಕುರಕ್ಕನ್, ಮುದ್ದೆ ಎಂದರೆ ತಲಪ. ಹೆಸರು ಏನಾದರೇನು, ತಟ್ಟೆಗೆ ಬಿದ್ದಾಗ ಆವಿ ಒಂದೇ. ಬೀದಿಯವರೆಲ್ಲ ಅವಳನ್ನು ಆಚ್ಚಿ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಅಜ್ಜಿ ಎಂದ ಹಾಗೆ. ಆಚ್ಚಿಗೆ ಬರುತ್ತಿದ್ದ ತಮಿಳು ಮಾರ್ಕೆಟ್ಟಿನ ತಮಿಳು, ನನ್ನದು ತಿಗಳರ ತೋಟದ ತಮಿಳು. ಎರಡೂ ಬದನೆಕಾಯಿಯ ಹತ್ತಿರ ಸಂಧಿಸುತ್ತಿದ್ದವು. ಮನೆಯ ಹಿಂಭಾಗದ ಕೋಣೆ ಖಾಲಿಯಿದೆ ಎಂದು ಅವಳೇ ತೋರಿಸಿದಳು. “ಗಂಡ ಎಲ್ಲಿ?” ಎಂದು ಕೇಳಿದಳು. “ಪಿಳ್ಳೆಯವರ ಅಂಗಡಿಯಲ್ಲಿ,” ಎಂದೆ. ಆ ಹೊತ್ತಿಗೆ ಅವರು ಅಲ್ಲೇ ಇದ್ದರಲ್ಲ, ಅದು ಸತ್ಯವೇ. ಆಚ್ಚಿಗೆ ಬಹಳ ಸಮಾಧಾನವಾಯಿತು. ಪಿಳ್ಳೆಯವರ ಅಂಗಡಿಯಲ್ಲಿ ಕೆಲಸದಲ್ಲಿರುವವರೆಂದರೆ ಯೋಗ್ಯರೇ ಇರಬೇಕು, ನಾಳೆ ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಬಾ ಎಂದಳು. ನನ್ನ ಮಾತನ್ನು ಅವಳು ಹೇಗೆ ತಿಳಿದುಕೊಂಡಳೆಂಬುದು ನನಗೆ ಛತ್ರ ತಲುಪುವವರೆಗೂ ಹೊಳೆಯಲಿಲ್ಲ.

ಅತ್ತ ಇವರದೂ ಅದೇ ಕಥೆ. ಪಿಳ್ಳೆಯವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ, ಸರಕು ಎಣಿಸಿಕೊಳ್ಳುವ ಒಬ್ಬರು ಬೇಕಾಗಿದ್ದರು. ಎಲ್ಲ ಹಿಡಿಸಿತ್ತಂತೆ. “ಮನೆ?” ಎಂದು ಕೇಳಿದರಂತೆ. ಇವರು, “ಗೊತ್ತಾದ ಮೇಲೆ ಹೇಳ್ತೀನಿ,” ಎಂದು ಎದ್ದು ಬಂದಿದ್ದರು. “ಮನೆ ಸಿಕ್ಕಿದ್ರೆ ಕೆಲಸ ಸಿಕ್ಕ ಹಾಗೆ ಕಣೇ,” ಎಂದರು. “ಕೆಲಸ ಸಿಕ್ಕಿದ್ರೆ ಮನೆ ಸಿಕ್ಕ ಹಾಗೆ,” ಎಂದೆ ನಾನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಪಾರುಪತ್ತೆಗಾರರು ಬಂದು, ನಾಳೆ ಹಬ್ಬದ ಯಾತ್ರಿಕರು ಬರುತ್ತಾರೆ, ಕಂಬ ಬಿಡಬೇಕು ಎಂದರು.

ಬೆಳಿಗ್ಗೆ ಗಂಟುಮೂಟೆ ಹೊತ್ತು ಆಚ್ಚಿಯ ಹಿತ್ತಿಲಿಗೆ ಹೋಗಿ ನೋಡಿದರೆ, ಅಲ್ಲಿ ಬೆಂಚಿನ ಮೇಲೆ ಪಿಳ್ಳೆಯವರು ಕೂತಿದ್ದಾರೆ! ಬಾಡಿಗೆಗೆ ಬರುವವರ ಗುಣ ವಿಚಾರಿಸಲೆಂದು ಆಚ್ಚಿ ಅಂಗಡಿಗೆ ಹೇಳಿಕಳಿಸಿದ್ದಳು. ‘ನಿಮ್ಮ ಅಂಗಡಿಯವರು’ ಎಂದು ಕೇಳಿ, ಯಾರಪ್ಪಾ ಅದು ನನಗೆ ಗೊತ್ತಿಲ್ಲದ ನನ್ನವರು ಎಂದು ಪಿಳ್ಳೆಯವರು ಸ್ವತಃ ಬಂದಿದ್ದರು. ಇವರು ನನ್ನ ಹಿಂದೆ ಸರಿದು, ಚಕ್ಕೋತದ ಕುಕ್ಕೆಯನ್ನು ಎದೆಗೆ ಅವಚಿಕೊಂಡು ನಿಂತರು. ಅವರ ತಲೆಯ ಮೇಲೇ, ಆಚ್ಚಿಯ ಹಿತ್ತಿಲಿನ ಚಕ್ಕೋತದ ಮರ ಹಣ್ಣು ತೂಗಿಕೊಂಡು ನಿಂತಿತ್ತು.

“ಇವನು ನಿಮ್ಮ ಅಂಗಡಿಯವನು ತಾನೇ?” ಆಚ್ಚಿ ಕೇಳಿದಳು.

“ನಿಮ್ಮ ಮನೆಯಲ್ಲಿದ್ದರೆ ನನ್ನ ಅಂಗಡಿಯವನು,” ಎಂದರು ಪಿಳ್ಳೆಯವರು.

“ನಿಮ್ಮ ಅಂಗಡಿಯಲ್ಲಿದ್ದರೆ ತಾನೇ ನನ್ನ ಮನೆಯಲ್ಲಿರೋದು?”

ಇಬ್ಬರೂ ನಮ್ಮ ಕಡೆ ತಿರುಗಿದರು. ಇವರು ಇಂಗ್ಲಿಷಿನಲ್ಲಿ ಏನೋ ದೊಡ್ಡ ವಾಕ್ಯ ಶುರುಮಾಡಿ, ಅದು ಮುಗಿಯುವ ದಾರಿ ಕಾಣದೆ ನಡುವೆಯೇ ನಿಂತರು. ನನ್ನ ಕಾಲು ನಡುಗುತ್ತಿತ್ತು. ಹೋಗಲು ಕಂಬವೂ ಇಲ್ಲ. ಬಾಯಿ ಒಣಗಿಹೋದಾಗ ಮನುಷ್ಯನಿಗೆ ಚೆನ್ನಾಗಿ ಬರುವ ಮಾತೇ ಹೊರಗೆ ಬರುತ್ತದೆ. ನನಗೆ ಬರುತ್ತಿದ್ದದ್ದು ತರಕಾರಿಯ ಮಾತೊಂದೇ. ಸೊಂಟಕ್ಕೆ ಸೆರಗು ಸಿಕ್ಕಿಸಿ, ತಿಗಳರ ತೋಟದ ಗತ್ತಿನಲ್ಲಿ, “ಬೇರೆ ಬೇರೆ ಬೇಡ. ಎರಡೂ ಸೇರಿಸಿ ಒಂದೇ ಗುಡ್ಡೆ ಹಾಕಿ. ಈಗಲೇ ಎತ್ಕೊಂಡ್ಹೋಗ್ತೀನಿ. ಹುಳುಕು ಬಂದ್ರೆ ನಾಳೆ ವಾಪಸ್ ತಗೊಳ್ಳಿ!” ಎಂದುಬಿಟ್ಟೆ.

ಪಿಳ್ಳೆಯವರ ಹೊಟ್ಟೆ ಮೊದಲು ಅಲುಗಾಡಿತು, ನಗು ಹಿಂದಿನಿಂದ ಬಂತು. ಅದರ ಅರ್ಥವನ್ನು ಅವರು ಬಿಡಿಸಿ ಹೇಳಿದಾಗ ಆಚ್ಚಿ ನೋವಿನ ಕೈಯಿಂದಲೇ ತೊಡೆ ತಟ್ಟಿಕೊಂಡು ನಕ್ಕಳು. “ಹುಳುಕು ಬಂದರೆ ಯಾರನ್ನು ವಾಪಸ್ ಕೊಡ್ತೀಯಮ್ಮಾ, ಗಂಡನನ್ನೋ?” ಎಂದು ಕೇಳಿದರು ಪಿಳ್ಳೆಯವರು. “ಅವರೊಬ್ಬರನ್ನೇ ಕೊಡೋಕಾಗಲ್ಲ, ನಾನೂ ಗುಡ್ಡೆಯಲ್ಲೇ ಇದ್ದೀನಿ,” ಎಂದೆ. ಅಷ್ಟರಲ್ಲಿ ಇವರಿಗೆ ಧೈರ್ಯ ಬಂದು, ಒಂದು ಚಕ್ಕೋತ ತೆಗೆದು ಆಚ್ಚಿಗೆ ಕೊಟ್ಟರು. ಆಚ್ಚಿ ಮರದ ಕಡೆ ನೋಡಿದಳು, ಹಣ್ಣಿನ ಕಡೆ ನೋಡಿದಳು, ಎರಡೂ ಕೈಯಲ್ಲಿ ಮರ್ಯಾದೆಯಿಂದ ತೆಗೆದುಕೊಂಡಳು. ಆ ದಿನದಿಂದ ಒಂದು ಕೋಣೆ, ಒಂದು ಒಲೆ, ಒಂದು ಕೆಲಸ. ಮೊದಲ ಸಾರಿಗೆ ಉಪ್ಪು ನಾನೇ ಹಾಕಿದೆ. ಬಹಳ ಕಾಲದಿಂದ ತಡೆದಿಟ್ಟ ಉತ್ಸಾಹವಾದ್ದರಿಂದ ಸ್ವಲ್ಪ ಜಾಸ್ತಿಯೇ ಬಿತ್ತು. ಇವರು ಚಕಾರವೆತ್ತದೆ ಉಂಡು, ನೀರು ಕುಡಿದ ಮೇಲೆ ಮತ್ತೆ ನೀರು ಕುಡಿದರು.

ಎರಡು ವರ್ಷದ ಮೇಲೆ ಬಾಣಂತನಕ್ಕೆಂದು ನಾನು ತವರಿಗೆ ಬಂದೆ. ಬಾಣಂತಿಯ ಕೋಣೆಗೆ ಬರುವ ಹೆಂಗಸರಿಗೆ ಹೇಳಲು ನನ್ನ ಹತ್ತಿರ ಕಥೆಯಿತ್ತು. ನನಗೂ ಮಲಗಿ ಮಲಗಿ ಬೇಸರ. ಮೊದಲ ಸಲ ಹೇಳಿದಾಗ ನಡೆದದ್ದು ನಡೆದ ಹಾಗೇ ಹೇಳಿದೆ. ಆಮೇಲೆ ಹೇಳುವಾಗ ಕಾಲು ನಡುಗಿದ್ದು ಬಿಟ್ಟುಹೋಯಿತು. ಮಗುವಿಗೆ ಹೆಸರಿಡುವ ಹೊತ್ತಿಗೆ ಅತ್ತದ್ದೂ ಬಿಟ್ಟುಹೋಗಿ, ನಾನು ಹಿತ್ತಿಲಲ್ಲಿ ನಿಂತು ಇಡೀ ಕೊಲಂಬೊವನ್ನೇ ಚೌಕಾಶಿ ಮಾಡಿ ಕೊಂಡ ಹಾಗೆ ಕೇಳಿಸುತ್ತಿತ್ತು. “ಭಯಪಡೋದೇ ಬೇಡ ಕಣ್ರೇ, ಹೋದ್ಮೇಲೆ ಎಲ್ಲಾ ತಾನಾಗಿ ಆಗತ್ತೆ,” ಎಂದು ಮಗುವನ್ನು ತೊಡೆಯ ಮೇಲೆ ಆಡಿಸುತ್ತ ಹೇಳುತ್ತಿದ್ದೆ. ಬಾಗಿಲ ಆಚೆ ಪಡಸಾಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದವನು ನನ್ನ ತಮ್ಮ ರಾಮಣ್ಣ. ಹೊಸದಾಗಿ ಮದುವೆಯಾಗಿದ್ದವನು, ಹೊಲ ಬಿಟ್ಟರೆ ಬೇರೆ ಕಸುಬು ಅರಿಯದವನು.

ನಮ್ಮನ್ನು ಕರೆದೊಯ್ಯಲು ಇವರು ಬಂದು, ಹೊರಡುವ ದಿನ ಗಾಡಿ ಕಟ್ಟಿದಾಗ ನೋಡುತ್ತೇನೆ, ನಮ್ಮ ಟ್ರಂಕಿನ ಪಕ್ಕದಲ್ಲಿ ಇನ್ನೊಂದು ಟ್ರಂಕು, ಇನ್ನೊಂದು ಹಾಸಿಗೆ ಸುರುಳಿ. ರಾಮಣ್ಣ ಹೊಸ ಪಂಚೆಯುಟ್ಟು ನಿಂತಿದ್ದಾನೆ. ಅವನ ಹಿಂದೆ ತಲೆ ತಗ್ಗಿಸಿಕೊಂಡು ಅವನ ಹೆಂಡತಿ.

“ಎಲ್ಲಿಗೋ?” ಎಂದೆ.

“ನಿಮ್ ಜೊತೇಲೇ ಕಣಕ್ಕಾ. ನಾವೂ ಅಲ್ಲೇ ಇದ್ಬಿಡ್ತೀವಿ.”

ನನ್ನ ಎದೆಯ ಮೇಲೆ ಬಿಸಿನೀರು ಸುರಿದ ಹಾಗಾಯಿತು. ಮಗುವನ್ನು ಅಮ್ಮನ ಕೈಗೆ ಕೊಟ್ಟು, ಗಾಡಿಯಿಂದ ಇಳಿದು, ಬೀದಿಯವರೆಲ್ಲ ಕೇಳುವ ಹಾಗೆ ಕೂಗಾಡಿದೆ. “ತಲೆ ಕೆಟ್ಟಿದ್ಯೇನೋ ನಿಂಗೆ? ಗೊತ್ತಿಲ್ದ ಊರು, ಗೊತ್ತಿಲ್ದ ಭಾಷೆ! ಮೊದ್ಲು ಒಂದು ಕೆಲ್ಸ ಅಂತ ನೋಡ್ಕೊಂಡು, ತಲೆ ಮೇಲೊಂದು ಸೂರು ಮಾಡ್ಕೊಂಡು, ಆಮೇಲೆ ತಾನೇ ಹೆಂಡ್ತೀನ ಕರ್ಕೊಂಡು ಹೊರಡ್ಬೇಕು? ಅಷ್ಟೂ ತಿಳುವಳಿಕೆ ಬೇಡ್ವೇನೋ ಗಂಡಸಿಗೆ?”

ಬಾಗಿಲಲ್ಲಿ ಗುಂಪಾಗಿ ನಿಂತಿದ್ದ ಹೆಂಗಸರು, ತಿಂಗಳುಗಟ್ಟಲೆ ನನ್ನ ಕಥೆ ಕೇಳಿದವರು, ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು. ನಾನು ಬೆಂಬಲಕ್ಕೆಂದು ನಮ್ಮ ಯಜಮಾನರ ಕಡೆ ತಿರುಗಿ, “ನೀವಾದ್ರೂ ಹೇಳ್ರೀ ಇವನಿಗೆ!” ಎಂದೆ. ಅವರು ಗಾಡಿಯ ಆಚೆ ಬದಿಗೆ ಹೋಗಿ, ಎತ್ತಿನ ಕತ್ತಿನ ಹಗ್ಗವನ್ನು ಬಹಳ ಗಮನಕೊಟ್ಟು ಪರೀಕ್ಷಿಸುತ್ತಿದ್ದರು. ಹೆಗಲ ಮೇಲಿನ ಟವಲು ಬಾಯೊಳಗಿತ್ತು, ಭುಜಗಳೆರಡೂ ಕುಣಿಯುತ್ತಿದ್ದವು.